ಬಾದಾಮಿ ಮರದ ನೆಂಟರು

ಪಕ್ಕದ ಮನೆ ದೊಡ್ಡಮ್ಮನ ಬಾದಾಮಿ ಮರದ ಅರ್ಧ ನೆರಳು ಬೀಳುವುದು ನಮ್ಮ ಅಂಗಳಕ್ಕೆ. ಹಾಗಾಗಿ ಮರದ ವಿಚಾರ ಏನಿದ್ದರೂ ಅವರು ಕಾಂಪೌಂಡಿನ ಹತ್ತಿರ ಬಂದು ನನ್ನನ್ನು ಕರೆದೇ ಮಾತಾಡುತ್ತಾರೆ. ಈ ಸಲ ಬಂದದ್ದು ಮರ ಕಡಿಸುವ ವಿಚಾರ.

"ನೋಡಪ್ಪ, ಬೆಳಗಾದರೆ ಅಂಗಳದ ತುಂಬಾ ಇದೇ ಕಸ. ಒಗೆದು ಹಾಕಿದ ಬಿಳಿ ಪಂಚೆ ಮೇಲೆಲ್ಲ ಹಳದಿ ಕಲೆ. ನಿಮ್ಮ ದೊಡ್ಡಪ್ಪ ಬೈದುಕೊಂಡು ಓಡಾಡ್ತಾರೆ. ಮನೆ ಮುಂದೆ ಬಾವಲಿ ಇದ್ದರೆ ದರಿದ್ರ ಅಂತ ಬೀದಿಕೊನೆ ಮನೆಯವರು ಬೇರೆ ಹೇಳಿಹೋದರು. ಟಿವಿಯಲ್ಲಿ ನೋಡಿದರೆ ನಿಫಾ ಅಂತಾರೆ. ಕಡಿಸಿಬಿಡೋಣ ಅಂತಿದೀನಿ, ನೀನೇನಂತೀಯ?"

ನಾನು ಒಂದು ಕಡ್ಡಿ ತೆಗೆದುಕೊಂಡು ಕೆಳಗೆ ಬಿದ್ದಿದ್ದ ಬಾದಾಮಿ ಕಾಯೊಂದನ್ನು ಹೊರಳಿಸಿ ತೋರಿಸಿದೆ. ಮೇಲಿನ ತಿರುಳನ್ನು ಸುತ್ತಲೂ ಕೆರೆದು ತಿಂದು, ಒಳಗಿನ ಗಟ್ಟಿ ಓಟೆಯನ್ನು ಹಾಗೇ ಬಿಟ್ಟಿತ್ತು. ಹಲ್ಲಿನ ಗೀರುಗಳು ಒಂದರ ಪಕ್ಕ ಒಂದು ಸಣ್ಣಗೆ ಕಾಣುತ್ತಿದ್ದವು. ಪಕ್ಕದಲ್ಲೇ ಜಗಿದು ಉಗುಳಿದ ನಾರಿನ ಉಂಡೆ, ಇನ್ನೂ ಪೂರ್ತಿ ಒಣಗಿರಲಿಲ್ಲ. ಇದು ಮೊಂಡು ಮೂಗಿನ ಸಣ್ಣ ಹಣ್ಣು ಬಾವಲಿಯ ಊಟದ ರೀತಿ. ಮರಕ್ಕೆ ಬಂದು ಒಂದು ಹಣ್ಣು ಕಿತ್ತು, ಬೇರೆ ಕೊಂಬೆಗೋ ಬೇರೆ ಮರಕ್ಕೋ ಒಯ್ದು, ತಲೆಕೆಳಗಾಗಿ ಜೋತುಬಿದ್ದು ಜಗಿಯುತ್ತದೆ. ರಸ ನುಂಗಿ ನಾರು ಉಗುಳುತ್ತದೆ. ಬೀಜ ಅಲ್ಲೆಲ್ಲೋ ಬಿದ್ದು ಮೊಳೆಯುತ್ತದೆ. ಇವುಗಳಲ್ಲಿ ಗಂಡಿನದು ಇನ್ನೊಂದು ಸೊಗಸು. ತಾಳೆಯ ಗರಿಯನ್ನೋ ದಟ್ಟ ಬಳ್ಳಿಯನ್ನೋ ಹಲ್ಲಿನಿಂದಲೇ ಕಡಿದು, ಒಳಗೆ ಕೂರಲು ಜಾಗ ಮಾಡಿ ಮೇಲೆ ಚಪ್ಪರ ಉಳಿಸಿಕೊಳ್ಳುತ್ತದೆ. ಹೆಣ್ಣುಗಳು ಬಂದು ಅಲ್ಲಿ ಸೇರುತ್ತವೆ.

"ಬಾವಲಿ ಮನೆಗೆ ಬಾವಲಿ ನೆಂಟರು ಬಂದರೆ, ನೀನೂ ನೇತಾಡು ನಾನೂ ನೇತಾಡ್ತೀನಿ ಅಂದಿತಂತೆ. ನಮ್ಮಜ್ಜಿ ಹೇಳೋರು" ಎಂದು ದೊಡ್ಡಮ್ಮ ನಕ್ಕರು. ನಕ್ಕ ಮೇಲೂ ನಿಫಾದ ಪ್ರಶ್ನೆ ಬಿಡಲಿಲ್ಲ. ಬಿಡಬಾರದು ಕೂಡ. ಅದು ಸುಮ್ಮನೆ ಹುಟ್ಟಿದ ಭಯವಲ್ಲ.

2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಮತ್ತು ಮಲಪ್ಪುರಂ ಕಡೆ ನಿಫಾ ಬಂದು 17 ಮಂದಿ ತೀರಿಕೊಂಡರು. ಆ ವೈರಾಣುವಿನ ಸಹಜ ನೆಲೆ ದೊಡ್ಡ ಹಣ್ಣು ಬಾವಲಿ. ಆಲದ ಮರದಲ್ಲೋ ಹಳೇ ಮಾವಿನ ಮರದಲ್ಲೋ ಹಗಲೆಲ್ಲ ಗುಂಪಾಗಿ ಕಿಚಕಿಚ ಅನ್ನುತ್ತ ನೇತಾಡುವ ಕೆಂಗಂದು ಮೈಯ ಬಾವಲಿ ಅದು. ಹಾಗೆಂದು ಮರ ಕಡಿಯುವುದು, ಪಟಾಕಿ ಹೊಡೆದು ಓಡಿಸುವುದು ಪರಿಹಾರ ಆಗುವುದಿಲ್ಲ. ನೆಲೆ ತಪ್ಪಿದ ಬಾವಲಿ ಸಾಯುವವರೆಗೆ ಹಾರುತ್ತಿರುವುದಿಲ್ಲವಲ್ಲ, ಇನ್ನೊಬ್ಬರ ತೋಟಕ್ಕೆ ಹೋಗಿ ಕೂರುತ್ತದೆ. ಆಸ್ಟ್ರೇಲಿಯಾದಲ್ಲಿ ಹೆಂಡ್ರಾ ಎಂಬ ವೈರಾಣು ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬಂತು. ಅಲ್ಲಿನವರು ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದಾಗ ಕಂಡದ್ದೇನೆಂದರೆ, ಕಾಡು ಹೋಗಿ ಹೂವಿನ ಆಹಾರ ಸಿಗದ ಕಾಲದಲ್ಲಿ ಬಾವಲಿಗಳು ಊರು, ತೋಟಗಳಿಗೆ ಬಂದವು, ರೋಗ ದಾಟಿದ್ದು ಹೆಚ್ಚಾಗಿ ಆಗಲೇ. ನಮ್ಮ ಕೈಲಾಗುವುದು ಸರಳ: ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ತಿನ್ನಬೇಕು, ರಾತ್ರಿಯೆಲ್ಲ ಬಾಯಿ ತೆರೆದ ಮಡಕೆಯಲ್ಲಿ ಇಳಿದ ಹಸಿ ನೀರಾ ಕುಡಿಯಬಾರದು, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

"ಮತ್ತೆ ಪಂಚೆ?"

"ತಂತಿಯನ್ನು ಹಿತ್ತಲಿಗೆ ಕಟ್ಟಿಕೊಡ್ತೀನಿ ದೊಡ್ಡಮ್ಮ." ಅಂದೇ ಕಟ್ಟಿಕೊಟ್ಟೆ.

ಆದರೆ ನನಗೆ ಅವರ ಹತ್ತಿರ ಹೇಳಬೇಕೆನಿಸಿದ್ದ ಕತೆ ಬೇರೆ. ದೊಡ್ಡಮ್ಮನ ತವರು ಹನುಮನಹಳ್ಳಿ ಕಡೆ. ನಮ್ಮ ಕೋಲಾರ ಜಿಲ್ಲೆಯ ಆ ಹಳ್ಳಿಯ ಬೆಟ್ಟದಲ್ಲಿ ಒಂದು ಗುಹೆಯಿದೆ. ಅದರೊಳಗಿರುವ ಎಲೆಮೂಗಿನ ಬಾವಲಿ ಜಗತ್ತಿನ ಬೇರೆ ಯಾವ ಜಾಗದಲ್ಲೂ ಉಳಿದಿರುವುದು ಗೊತ್ತಿಲ್ಲ. ಅಮೆರಿಕದಲ್ಲಿಲ್ಲ, ಆಫ್ರಿಕದಲ್ಲಿಲ್ಲ, ಪಕ್ಕದ ಚಿತ್ತೂರಿನಲ್ಲೂ ಇಲ್ಲ. ಹೆಸರೇ ಕೋಲಾರದ ಎಲೆಮೂಗಿನ ಬಾವಲಿ.

"ನಮ್ಮೂರ ಬೆಟ್ಟದಲ್ಲಾ? ಕಲ್ಲು ಒಡೀತಿದ್ದರಲ್ಲ, ಅಲ್ಲಾ?" ಎಂದು ದೊಡ್ಡಮ್ಮ ಹೂವಿನ ಬುಟ್ಟಿ ಕಾಂಪೌಂಡಿನ ಮೇಲಿಟ್ಟು ಗಟ್ಟಿಯಾಗಿ ನಿಂತರು.

ಅಲ್ಲೇ. 1994ರಲ್ಲಿ ಡೀಟರ್ ಕಾಕ್ ಎಂಬ ಜರ್ಮನಿಯ ವಿಜ್ಞಾನಿ ಮತ್ತು ನಮ್ಮ ದೇಶದ ಎಚ್.ಆರ್. ಭಟ್ ಸೇರಿ ಇದನ್ನು ಹೊಸ ಜಾತಿ ಎಂದು ವಿವರಿಸಿದರು. ಅವರ ಕೈಗೆ ಮಾದರಿಗಳು ಸಿಕ್ಕಿದ್ದು ಎರಡು ಕಡೆಯಿಂದ, ಹನುಮನಹಳ್ಳಿ ಮತ್ತು ತೇರಹಳ್ಳಿ. ಮುಂದೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು ಅವರ ತಂಡ ಹುಡುಕಿಕೊಂಡು ಬಂದಾಗ ತೇರಹಳ್ಳಿಯಲ್ಲಿ ಅದು ಇರಲಿಲ್ಲ. ಉಳಿದಿದ್ದು ಹನುಮನಹಳ್ಳಿಯ ಆ ಒಂದೇ ಗುಹೆ, ಅದರಲ್ಲಿ ಇನ್ನೂರಕ್ಕೂ ಕಡಿಮೆ ಬಾವಲಿ. 2016ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಕೊನೆಯಂಚಿನ ಜಾತಿಗಳ ಸಾಲಿಗೆ ಅದನ್ನು ಸೇರಿಸಿದರು. ಅಂಗೈಯಲ್ಲಿ ಅಡಗುವ ಜೀವ, ಮುಂಗೈ ಮೂಳೆ ನಾಲ್ಕು ಸೆಂಟಿಮೀಟರಿನ ಆಸುಪಾಸು. ಮೂಗಿನ ಮೇಲೆ ಮಡಿಕೆ ಮಡಿಕೆಯಾದ ತೊಗಲಿನ ಎಲೆ. ಸದ್ದನ್ನು ಮೂಗಿನಿಂದಲೇ ಹೊರಡಿಸುವುದರಿಂದ ಅದಕ್ಕೆ ದಿಕ್ಕು ಕೊಡಲು ಆ ಎಲೆ ಬೇಕು. ಅದೇ ಬೆಟ್ಟದಲ್ಲಿ ಎಲೆಮೂಗಿನ ಇನ್ನೂ ಬೇರೆ ಜಾತಿಗಳೂ ಇವೆ. ದುರ್ಗಾದಾಸ್ ಎಂಬ ಹೆಸರಿನ ಅಪರೂಪದ್ದೂ ಅದರಲ್ಲಿ ಒಂದು.

ಕೋಲಾರದ ಕಲ್ಲು ನಮಗೆಲ್ಲ ಗೊತ್ತು. ಬಂಡೆಯ ಮೇಲೆ ಸೌದೆ ಒಟ್ಟಿ, ಬೆಂಕಿ ಹಚ್ಚಿ, ಕಾದು ಪದರ ಎದ್ದಮೇಲೆ ಉಳಿ ಹಾಕಿ ಎಬ್ಬಿಸುತ್ತಾರೆ. ಎಷ್ಟೋ ಸಂಸಾರಗಳ ಹೊಟ್ಟೆ ತುಂಬಿದ ಕಸುಬು, ನಾನು ಅದನ್ನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಗುಹೆಯ ಬಾಯಿಯ ಹತ್ತಿರ ಆ ಬೆಂಕಿ ಹಚ್ಚಿದರೆ ಹೊಗೆ ಒಳಗೆ ನುಗ್ಗುತ್ತದೆ, ಬಂಡೆ ಸಿಡಿದರೆ ಸೂರೇ ಅದುರುತ್ತದೆ. ಬಾವಲಿ ವರ್ಷಕ್ಕೆ ಹೆಚ್ಚಾಗಿ ಒಂದೇ ಮರಿ ಹಾಕುವ ಪ್ರಾಣಿ. ಇಲಿಯಂತೆ ಗುಂಪುಗುಂಪಾಗಿ ಹೆತ್ತು ನಷ್ಟ ತುಂಬಿಕೊಳ್ಳಲು ಅದಕ್ಕೆ ಬರುವುದಿಲ್ಲ. ಮರಿಯನ್ನು ಹೊಟ್ಟೆಗೆ ಕಚ್ಚಿಸಿಕೊಂಡಿರುವ ತಾಯಿ ಒಂದು ಸಲ ಬೆದರಿ ಹಾರಿದರೆ ಮರಿ ಕೆಳಗೆ ಬೀಳುತ್ತದೆ. ಇನ್ನೂರರ ಲೆಕ್ಕದಲ್ಲಿ ಒಂದು ಕೆಟ್ಟ ವರ್ಷ ಅಂದರೆ ಎಷ್ಟು, ಯೋಚನೆ ಮಾಡಿ.

ಗುಹೆಯ ಸುತ್ತಣ ಜಾಗವನ್ನು ಸರ್ಕಾರ ಈಗ ಸಂರಕ್ಷಿಸಿದೆ. ಅದು ತಾನಾಗಿ ಆದದ್ದಲ್ಲ. ವಿಶ್ವವಿದ್ಯಾಲಯದವರು ಬಂದು ಇಂಥದ್ದೊಂದು ಇದೆ, ಇಷ್ಟೇ ಉಳಿದಿದೆ ಎಂದು ಕಾಗದದ ಮೇಲೆ ತೋರಿಸಬೇಕಾಯಿತು. ಅರಣ್ಯ ಇಲಾಖೆಯ ಹತ್ತಿರ ಕೂತು, ಊರಿನವರ ಹತ್ತಿರ ಕೂತು ಮಾತಾಡುವವರು ಬೇಕಾಯಿತು. ಆ ಕೆಲಸಕ್ಕೆ ಕೈಹಾಕಿದವರಲ್ಲಿ ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಒಂದು. ಅದರ ಹಿಂದಿರುವ ರಾಜೇಶ್ ಪುಟ್ಟಸ್ವಾಮಯ್ಯ ಪ್ರಾಣಿಶಾಸ್ತ್ರ ಓದಿ ಬಂದವರಲ್ಲ, ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಬಾವಲಿಯ ಸದ್ದು ಹಿಡಿಯುವ ಡಿಟೆಕ್ಟರ್ ಹೊರದೇಶದಿಂದ ತರಿಸಿದರೆ ದುಬಾರಿ ಎಂದು ಕಡಿಮೆ ಖರ್ಚಿನದೊಂದನ್ನು ತಾವೇ ಮಾಡಿ, ಅದರ ನಕ್ಷೆಯನ್ನು ಬೇಕಾದವರಿಗೆ ಮುಕ್ತವಾಗಿ ಕೊಟ್ಟರು. ನನಗೆ ಇದು ತುಂಬ ದೊಡ್ಡ ಕೆಲಸವಾಗಿ ಕಾಣುತ್ತದೆ. ಉಪಕರಣ ಒಬ್ಬರ ಬೀರುವಿನಲ್ಲಿದ್ದರೆ ಒಬ್ಬರಿಗೆ ಮಾತ್ರ ಕೇಳಿಸುತ್ತದೆ, ನಕ್ಷೆ ಎಲ್ಲರ ಕೈಗೆ ಸಿಕ್ಕರೆ ತಾಲ್ಲೂಕು ತಾಲ್ಲೂಕಿನಲ್ಲೂ ಕೇಳುವವರು ಹುಟ್ಟುತ್ತಾರೆ.

"ಬಾವಲಿ ಸದ್ದು ಕೇಳೋಕೆ ಮಿಷಿನ್ ಯಾಕೆ? ಕಿಚಕಿಚ ಅನ್ನೋದು ಇಲ್ಲಿಗೇ ಕೇಳತ್ತೆ."

ಅದು ಬೈದಾಡುವ ಸದ್ದು. ದಾರಿ ನೋಡುವ ಸದ್ದು ಬೇರೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಹೋಗುತ್ತದೆ, ಎಲೆಮೂಗಿನ ಕೆಲವು ಬಾವಲಿಗಳು ಕೂಗುವುದು 150ರ ಸುಮಾರಿನಲ್ಲಿ. ಮಾತಲ್ಲಿ ಹೇಳಿದರೆ ತಿಳಿಯುವ ವಿಷಯವಲ್ಲ ಎಂದು ಸಂಜೆ ದೊಡ್ಡಮ್ಮನನ್ನು ನಮ್ಮ ಮಹಡಿಗೆ ಕರೆದೆ. ಮಂಡಿನೋವಿದ್ದರೂ ಗೋಡೆ ಹಿಡಿದುಕೊಂಡು ಹತ್ತಿ ಬಂದರು. ಪಡುವಣ ಆಕಾಶ ಇನ್ನೂ ಸ್ವಲ್ಪ ಕೆಂಪಿತ್ತು. ನನ್ನ ಹತ್ತಿರವಿದ್ದ ಡಿಟೆಕ್ಟರಿನ ಗುಂಡಿಯನ್ನು 45 ಕಿಲೋಹರ್ಟ್ಸ್‌ಗೆ ತಿರುಗಿಸಿ ಅವರ ಕೈಗೆ ಕೊಟ್ಟೆ. ಮೊದಲು ಬರೀ ಸರ್ ಅನ್ನುವ ಸದ್ದು. ಬೀದಿದೀಪ ಹತ್ತಿಕೊಂಡ ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗಿಂದ ಟಪ್, ಟಪ್, ಟಪ್ ಎಂದು ಬಂತು, ಅಗಸರ ಕಲ್ಲಿನ ಮೇಲೆ ಒದ್ದೆ ಬಟ್ಟೆ ಬಡಿದ ಹಾಗೆ. ತಲೆ ಎತ್ತಿದರೆ ದೀಪದ ಸುತ್ತ ಕೈಮುಷ್ಟಿಯಷ್ಟಿದ್ದ ಒಂದು ಬಾವಲಿ ಗಿರಕಿ ಹೊಡೆಯುತ್ತಿತ್ತು. ಹುಳ ಹತ್ತಿರವಾದಂತೆ ಟಪಟಪ ಬೇಗ ಬೇಗ ಆಗಿ, ಕೊನೆಗೆ ಟರ್ರ್ ಎಂದು ಒಂದೇ ಗೆರೆಯಾಗಿ ನಿಂತುಹೋಯಿತು.

"ತಿಂತಾ?"

"ತಿಂದಿರತ್ತೆ. ಆ ಟರ್ರ್ ಅಂದರೆ ಹುಳಕ್ಕೆ ಬಾಯಿ ಹಾಕೋ ಹೊತ್ತು."

ಆಮೇಲೆ ಪೆಟ್ಟಿಗೆಯನ್ನು ಅವರು ನನಗೆ ವಾಪಸು ಕೊಡಲಿಲ್ಲ. ಪ್ರತಿ ಟರ್ರ್‌ಗೂ ಬೆರಳು ಮಡಿಸಿ ಎಣಿಸುತ್ತ ನಿಂತರು. ಒಂದೇ ರಾತ್ರಿ ತನ್ನ ಮೈತೂಕದ ಅರ್ಧದಷ್ಟು ಹುಳು ತಿನ್ನುವ ಜಾತಿಗಳಿವೆ ಎಂದೆ. ಸ್ಪೇನಿನ ಎಬ್ರೊ ನದಿಯ ಮುಖಜ ಭೂಮಿಯಲ್ಲಿ ಭತ್ತದ ಗದ್ದೆಗಳ ನಡುವೆ ಬಾವಲಿಗಳಿಗೆಂದು ಮರದ ಪೆಟ್ಟಿಗೆ ನಿಲ್ಲಿಸಿ, ಕಾಂಡ ಕೊರೆಯುವ ಹುಳುವಿನ ಕಾಟ ಇಳಿದದ್ದನ್ನು ನೋಡಿದ್ದಾರೆ ಎಂದೂ ಹೇಳಿದೆ. ಭತ್ತ ಎಂದದ್ದಕ್ಕೆ ಅವರ ಕಿವಿ ನೆಟ್ಟಗಾಯಿತು. ತವರಿನಲ್ಲಿ ಕೆರೆಯ ಕೆಳಗೆ ಅವರಿಗೂ ಗದ್ದೆಯಿತ್ತು.

ಈ ಎಣಿಕೆಯ ಕೆಲಸ ದೊಡ್ಡಮ್ಮನಂಥವರಿಂದಲೇ ಆಗಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಸಂಶೋಧಕರಿಗೆ ಯೋಜನೆ ಇದ್ದಷ್ಟು ದಿನ ಮಾತ್ರ ಹಣ ಇರುತ್ತದೆ, ಮುಗಿದ ಮೇಲೆ ಅವರು ಇನ್ನೊಂದು ಜಿಲ್ಲೆಗೆ ಹೋಗಲೇಬೇಕು. ಗುಹೆಯ ಕೆಳಗೆ ಹುಟ್ಟಿದವರು ಅಲ್ಲೇ ಇರುತ್ತಾರೆ. ಬ್ರಿಟನ್ನಿನಲ್ಲಿ 1996ರಿಂದ ರಾಷ್ಟ್ರೀಯ ಬಾವಲಿ ಗಣತಿ ನಡೆಯುತ್ತಿದೆ, ಅದನ್ನು ಹೊತ್ತಿರುವವರು ಬಹುಪಾಲು ಸ್ವಯಂಸೇವಕರು. ಬೇಸಿಗೆಯ ಸಂಜೆ ಕುರ್ಚಿ ಹಾಕಿಕೊಂಡು ಹಳೇ ಚರ್ಚಿನ ಸೂರಿನ ಕೆಳಗೋ ಯಾರದೋ ಕೊಟ್ಟಿಗೆಯ ಮುಂದೋ ಕೂತು, ಹೊರಬಿದ್ದ ಬಾವಲಿಯನ್ನು ಒಂದೊಂದಾಗಿ ಎಣಿಸಿ ಬರೆದು ಕಳಿಸುತ್ತಾರೆ. ಅಲ್ಲಿ ಮನೆಯ ಅಟ್ಟದಲ್ಲಿ ಬಾವಲಿ ಸೇರಿಕೊಂಡರೆ 1981ರ ಕಾಯಿದೆಯ ಪ್ರಕಾರ ಓಡಿಸುವಂತಿಲ್ಲ. ತರಬೇತಿ ಪಡೆದು ಪರವಾನಗಿ ಇರುವ ಸ್ವಯಂಸೇವಕರೊಬ್ಬರು ಮನೆಗೇ ಬಂದು ನೋಡಿ, ರಿಪೇರಿ ಯಾವ ತಿಂಗಳಲ್ಲಿ ಮಾಡಿದರೆ ಮರಿಗಳಿಗೆ ತೊಂದರೆಯಿಲ್ಲ ಎಂದು ಸಲಹೆ ಕೊಡುತ್ತಾರೆ. ವರ್ಷಗಟ್ಟಲೆ ಹೀಗೆ ಒಂದೇ ರೀತಿ ಎಣಿಸಿದ್ದರಿಂದಲೇ ಯಾವ ಜಾತಿ ಚೇತರಿಸಿಕೊಂಡಿದೆ, ಯಾವುದು ಇಲ್ಲ ಎಂದು ಅವರು ಎದೆ ತಟ್ಟಿ ಹೇಳಬಲ್ಲರು.

ಅಮೆರಿಕದ ಕತೆ ದುಃಖದ್ದು. ನ್ಯೂಯಾರ್ಕ್ ರಾಜ್ಯದ ಹೋವ್ಸ್ ಗುಹೆಯಲ್ಲಿ 2006ರ ಫೆಬ್ರವರಿಯಲ್ಲಿ ಹವ್ಯಾಸಕ್ಕೆಂದು ಗುಹೆ ಹೊಕ್ಕ ಒಬ್ಬರು ಚಳಿನಿದ್ದೆಯಲ್ಲಿದ್ದ ಬಾವಲಿಗಳ ಫೋಟೋ ತೆಗೆದರು. ಮೂತಿಯ ಮೇಲೆಲ್ಲ ಬಿಳಿ ಪುಡಿ. ಬಿಳಿಮೂಗಿನ ಬೇನೆಗೆ ಅಲ್ಲಿ ಸಿಕ್ಕ ಮೊದಲ ಸಾಕ್ಷಿ ಆ ಫೋಟೋ. ಅದೊಂದು ಶಿಲೀಂಧ್ರ, ಬಾವಲಿಗಳನ್ನು ಚಳಿಗಾಲದ ನಡುವೆ ಎಬ್ಬಿಸಿಬಿಡುತ್ತದೆ. ತಿನ್ನಲು ಹುಳವಿಲ್ಲದ ಕಾಲದಲ್ಲಿ ಎಚ್ಚರಾಗಿ, ಮೈಯ ಕೊಬ್ಬು ಕರಗಿ, ಹಸಿದು ಸಾಯುತ್ತವೆ. ಲಕ್ಷಗಟ್ಟಲೆ ಸತ್ತವು. ಕಣ್ಣಿಗೆ ಮೊದಲು ಬಿದ್ದದ್ದು ಹವ್ಯಾಸಿಯೊಬ್ಬರಿಗೆ, ಆದರೆ ಅದು ಯಾವ ಶಿಲೀಂಧ್ರ, ಹೇಗೆ ಕೊಲ್ಲುತ್ತದೆ ಎಂದು ಕಂಡುಹಿಡಿಯಲು ಪ್ರಯೋಗಾಲಯದವರು ಬೇಕಾದರು. ಬೂಟು, ಹಗ್ಗಗಳ ಮೂಲಕ ಅದು ಗುಹೆಯಿಂದ ಗುಹೆಗೆ ಹೋಗಬಹುದು ಎಂದು ಗೊತ್ತಾದ ಮೇಲೆ ಗುಹೆ ಹೊಗುವವರೆಲ್ಲ ತಮ್ಮ ಸಾಮಾನು ಶುದ್ಧಮಾಡಿಕೊಳ್ಳುವುದನ್ನು ಕಲಿಯಬೇಕಾಯಿತು.

ಪ್ರೀತಿ ಇದೆ ಎಂದು ಎಲ್ಲ ಕೆಲಸಕ್ಕೂ ಎಲ್ಲರೂ ನುಗ್ಗಬಾರದು. ಬಲೆ ಕಟ್ಟಿ ಬಾವಲಿ ಹಿಡಿಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಲಿತ ಕೈ ಬೇಕು. ಹಿಡಿಯುವವರು ಹುಚ್ಚುನಾಯಿ ರೋಗದ ಲಸಿಕೆ ಮೊದಲೇ ಹಾಕಿಸಿಕೊಂಡಿರಬೇಕು, ಗ್ಲೌಸು ಮಾಸ್ಕು ತಪ್ಪಬಾರದು. ತಿಳಿದವರು ಬಲೆಯ ಪಕ್ಕದಲ್ಲೇ ಇದ್ದು, ಸಿಕ್ಕಿದ್ದನ್ನು ತಕ್ಷಣ ಬಿಡಿಸಿ ಬಟ್ಟೆ ಚೀಲಕ್ಕೆ ಹಾಕಿ, ಅಳತೆ ತೆಗೆದು ಬಿಟ್ಟುಬಿಡುತ್ತಾರೆ. ಬಸುರಿಯೋ ಬಾಣಂತಿಯೋ ಆಗಿದ್ದರೆ ಅದಕ್ಕೇ ಮೊದಲ ಬಿಡುಗಡೆ. ಉಳಿದ ನಾವು ಮಾಡಬೇಕಾದ್ದು ದೂರ ಕೂತು ನೋಡುವುದು, ಕೇಳುವುದು, ಎಣಿಸುವುದು, ತಪ್ಪದೆ ಬರೆದಿಡುವುದು. ಹನುಮನಹಳ್ಳಿ ಗುಹೆಗೆ ಫೋಟೋ ತೆಗೆಯಲು ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ಬೇಡ ಎಂದೇ ಹೇಳುತ್ತೇನೆ. ನೋಡುವವರ ಕಾಟವೂ ಕಾಟವೇ.

ಗುಹೆಯ ವಿಷಯ ಬಂದಾಗ ನನಗೆ ವಿಜ್ಞಾನಿ ಎಂ.ಕೆ. ಚಂದ್ರಶೇಖರನ್ ನೆನಪಾಗುತ್ತಾರೆ. ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದವರು, ಅದಕ್ಕೂ ಮೊದಲು ಮಧುರೈಯಲ್ಲಿದ್ದರು. ಅಲ್ಲಿಯ ಒಂದು ಗುಹೆಯಲ್ಲಿ ಅವರು, ಮಾರಿಮುತ್ತು ಮತ್ತು ರಾಜನ್ ಸೇರಿ ಮಾಡಿದ ಪ್ರಯೋಗ 1981ರಲ್ಲಿ ಪ್ರಕಟವಾಯಿತು. ಹಗಲು ರಾತ್ರಿ ತಿಳಿಯದ ಕಗ್ಗತ್ತಲೆಯಲ್ಲಿ ಒಂದು ಎಲೆಮೂಗಿನ ಬಾವಲಿಯನ್ನು ಪಂಜರದಲ್ಲಿಟ್ಟರು. ಸುತ್ತಲಿನ ಬಾವಲಿಗಳು ಸಂಜೆ ಹೊರಗೆ ಹೋಗಿ ಬೆಳಗ್ಗೆ ಬರುತ್ತಿದ್ದಷ್ಟು ದಿನ ಪಂಜರದ್ದೂ ಅದೇ ಹೊತ್ತಿಗೆ ಎದ್ದು ಹಾರಾಡುತ್ತಿತ್ತು. ಬಳಗವಿಲ್ಲದ ಕಡೆ ಒಂಟಿಯಾಗಿಟ್ಟಾಗ ಅದರ ಹೊತ್ತು ಮೆಲ್ಲಮೆಲ್ಲನೆ ಜಾರುತ್ತ ಹೊರಗಿನ ಹಗಲು ರಾತ್ರಿಗೆ ತಾಳೆಯಿಲ್ಲದಂತಾಯಿತು. ಜೊತೆಯವರ ಸದ್ದಿನಿಂದಲೇ ಅದಕ್ಕೆ ಸಂಜೆ ಗೊತ್ತಾಗುತ್ತಿದ್ದದ್ದು. ಇದನ್ನು ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಒಂದಷ್ಟು ಸತ್ತರೆ ಉಳಿದವಕ್ಕೂ ಕಷ್ಟ" ಎಂದರು. ವಿಜ್ಞಾನಿಗಳ ಬಾಯಿಂದ ನಾನು ಕೇಳಿದ ಮಾತಿಗಿಂತ ನೇರ.

ಕಾನೂನು ಕೂಡ ಬಹಳ ಕಾಲ ಬಾವಲಿಗೆ ನ್ಯಾಯ ಮಾಡಲಿಲ್ಲ. ನಮ್ಮ ದೇಶದಲ್ಲಿ 130ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣು ಬಾವಲಿಗಳನ್ನು ಇಲಿ, ಹೆಗ್ಗಣ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಗೆ ಹಾಕಿದ್ದರು. ಗಟ್ಟಿ ರಕ್ಷಣೆ ಸಿಕ್ಕಿದ್ದು ಎರಡಕ್ಕೆ: ತೆಂಕಣ ಘಟ್ಟದ ಸಲೀಂ ಅಲಿ ಹಣ್ಣು ಬಾವಲಿ, ಮತ್ತು ನಮ್ಮ ಬೆಳಗಾವಿ ಜಿಲ್ಲೆಯ ಬಾರಾಪೆಡೆ ಗುಹೆಯಿಂದ ಮೊದಲು ಗೊತ್ತಾದ ರಾಟನ್ ಬಾವಲಿ. 2022ರ ತಿದ್ದುಪಡಿಯಲ್ಲಿ ಆ ಉಪದ್ರವಿಗಳ ಪಟ್ಟಿಯನ್ನೇ ತೆಗೆದುಹಾಕಿದರು. ಅಷ್ಟರೊಳಗೆ ಕೊರೊನಾ ಬಂದು, 2020ರಲ್ಲಿ ಜನ ಗಾಬರಿಯಿಂದ ಬಾವಲಿ ಕೊಲ್ಲಲು ಹೊರಟಾಗ, ದಕ್ಷಿಣ ಏಷ್ಯಾದ ಬಾವಲಿ ಸಂಶೋಧಕರು ಒಟ್ಟಾಗಿ ಹೇಳಿಕೆ ಕೊಟ್ಟು ತಡೆಯಲು ಪ್ರಯತ್ನಿಸಬೇಕಾಯಿತು. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಆಲದ ಮರದ ಬಾವಲಿಗಳು ಬೆದರುತ್ತವೆ ಎಂದು ದೀಪಾವಳಿಗೆ ಪಟಾಕಿಯನ್ನೇ ಹೊಡೆಯುವುದಿಲ್ಲ. ಅವರಿಗೆ ಯಾವ ಕಾಯಿದೆಯೂ ಅದನ್ನು ಹೇಳಿಕೊಟ್ಟದ್ದಲ್ಲ.

ಮಹಡಿಯಿಂದ ಇಳಿಯುವಾಗ ದೊಡ್ಡಮ್ಮ ಕೇಳಿದ ಪ್ರಶ್ನೆ ಮನೆಯೊಳಗೆ ಬಾವಲಿ ನುಗ್ಗಿದರೆ ಏನು ಮಾಡುವುದು ಎಂಬುದು. ಫ್ಯಾನ್ ನಿಲ್ಲಿಸಿ, ದೀಪ ಆರಿಸಿ, ಕಿಟಕಿ ಬಾಗಿಲು ತೆಗೆದಿಟ್ಟು ಆಚೆ ಬಂದುಬಿಡಿ, ತಾನೇ ಹೋಗುತ್ತದೆ. ಕೆಳಗೆ ಬಿದ್ದಿದ್ದರೆ ಮೇಲೆ ರಟ್ಟಿನ ಡಬ್ಬ ಮಗುಚಿ, ತಿಳಿದವರನ್ನು ಕರೆಯಿರಿ. ಕಚ್ಚಿದರೆ ಅಥವಾ ಗೀರಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು, ನಾಳೆ ನೋಡೋಣ ಅನ್ನಬಾರದು.

ಮಾರನೆಯ ದಿನ ಕಾಂಪೌಂಡಿನ ಹತ್ತಿರ ಮತ್ತೆ ಕರೆದರು. ಕೈಯಲ್ಲಿ ಫೋನಿತ್ತು, ಆ ಕಡೆ ತವರಿನಲ್ಲಿರುವ ಅಣ್ಣನ ಮಗ.

"ಇವನಿಗೆ ಹೇಳಪ್ಪ. ಬೆಟ್ಟದ ಕಡೆ ರಾತ್ರಿ ಕಲ್ಲಿಗೆ ಬೆಂಕಿ ಹಾಕಿದ್ದು ಕಂಡರೆ ಯಾರಿಗೆ ತಿಳಿಸಬೇಕು?"

"ಅರಣ್ಯ ಇಲಾಖೆಯ ಸಹಾಯವಾಣಿ 1926. ಮೊದಲು ಫೋನ್ ಮಾಡಲಿ, ಆಮೇಲೆ ರೇಂಜ್ ಆಫೀಸಿಗೆ ಹೋಗಿ ಬರವಣಿಗೆಯಲ್ಲಿ ಕೊಡಲಿ. ತಾನೊಬ್ಬನೇ ಹೋಗಿ ಜಗಳಕ್ಕೆ ನಿಲ್ಲೋದು ಬೇಡ. ಗುಹೆಯೊಳಗೆ ಮಾತ್ರ ಹೋಗಬೇಡ ಅನ್ನಿ."

ಅವರು ಅಷ್ಟನ್ನೂ ಅವನಿಗೆ ತೆಲುಗಿನಲ್ಲಿ ಒಪ್ಪಿಸಿದರು. ಅವನು ಏನೋ ಕೇಳಿದ. ದೊಡ್ಡಮ್ಮ ಫೋನಿನ ಮೇಲೆ ಕೈಮುಚ್ಚಿ ನನ್ನ ಕಡೆ ತಿರುಗಿದರು: "ಆ ಟಪ್ ಟಪ್ ಮಿಷಿನ್ ಅವನಿಗೂ ಒಂದು ಮಾಡಿಕೊಡೋಕಾಗತ್ತಾ ಅಂತಾನೆ. ಎಲೆಕ್ಟ್ರಿಷಿಯನ್ ಕೆಲಸ ಬರತ್ತೆ ಅವನಿಗೆ."

ನಕ್ಷೆ ಕಳಿಸುತ್ತೇನೆ ಎಂದೆ.